ಬಟವಾಡೆಯ ದಿನವೂ ದೇವರ ದಿನವೇ

ಪ್ರಶ್ನೆ: ನಾವು ಕಳಸದ ಬಳಿಯ ಸಣ್ಣ ಬೆಳೆಗಾರರು. ಐದಾರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಮನೆ ಮುಂದೆ ಒಂದಿಷ್ಟು ಅಡಿಕೆ. ಮಗನಿಗೆ 12 ವರ್ಷ, ಮಗಳಿಗೆ 8. ಅತ್ತೆ ಇದ್ದಾಗ ಮುಸ್ಸಂಜೆ ದೀಪ ಹಚ್ಚಿದರೆ ಮನೆಮಂದಿಯೆಲ್ಲ ಬಂದು ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೂ ನಾನು ದೀಪವೇನೋ ಹಚ್ಚುತ್ತೇನೆ, ಮಕ್ಕಳು ಮಾತ್ರ ಮೊಬೈಲ್ ಬಿಟ್ಟು ಏಳುವುದಿಲ್ಲ. ನಮ್ಮ ಯಜಮಾನರು, "ಒತ್ತಾಯ ಮಾಡಬೇಡ, ದೊಡ್ಡವರಾದ ಮೇಲೆ ಬೇಕು ಅನ್ನಿಸಿದರೆ ನಂಬಲಿ" ಎನ್ನುತ್ತಾರೆ. ಮೊನ್ನೆ ಮಗ, "ದೇವರು ಇದ್ದಿದ್ರೆ ಆ ವರ್ಷ ಗುಡ್ಡ ಕುಸಿದು ಅಷ್ಟು ಜನರ ಮನೆ ಯಾಕಮ್ಮ ಹೋಯ್ತು?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ವರ್ಷ ಅವನನ್ನು ಘಟ್ಟದ ಕೆಳಗೆ ಹಾಸ್ಟೆಲ್ಲಿಗೆ ಸೇರಿಸಬೇಕು. ಅಷ್ಟರೊಳಗೆ ಅವನಿಗೆ ಏನು ಕಲಿಸಿ ಕಳಿಸಲಿ?
(ಓದುಗರೊಬ್ಬರು, ಕಳಸ ತಾಲ್ಲೂಕು)

ಉತ್ತರ: ಚುಟುಕಾಗಿ ಹೇಳಬೇಕೆಂದರೆ, ಉಪದೇಶ ಕಡಿಮೆ ಮಾಡಿ, ಕೆಲಸ ಕೊಡಿ. ದೇವರ ಮುಂದೆ ನೀವು ಹೇಗಿರುತ್ತೀರೋ ಆಳುಗಳ ಮುಂದೆಯೂ ಹಾಗೆಯೇ ಇರುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಭಕ್ತಿಯಾಗಲಿ, ನಡತೆಯಾಗಲಿ, ಮಕ್ಕಳಿಗೆ ಅಂಟಿಕೊಳ್ಳುವುದು ಹೀಗೆಯೇ. ಇದಕ್ಕಿಂತ ಸುಲಭದ ದಾರಿಯನ್ನು ನಾನು ಎಲ್ಲೂ ಕಂಡಿಲ್ಲ. ಈಗ ನೀವು ಕೇಳಿದ ಒಂದೊಂದೇ ವಿಷಯಕ್ಕೆ ಬರುತ್ತೇನೆ.

ಮೊದಲು ಯಜಮಾನರ ಮಾತು. ಒತ್ತಾಯ ಬೇಡ ಎನ್ನುವುದು ಸರಿಯಾದ ಮಾತು. ಗದರಿಸಿ ಹೇಳಿಸಿದ ಭಜನೆ ಹಾಸ್ಟೆಲ್ಲಿಗೆ ಹೋದ ಮೊದಲ ವಾರವೇ ಮರೆತುಹೋಗುತ್ತದೆ. ಆದರೆ 'ದೊಡ್ಡವರಾದ ಮೇಲೆ ಅವರೇ ಆರಿಸಿಕೊಳ್ಳಲಿ' ಎಂಬಲ್ಲಿ ಒಂದು ತೊಡಕಿದೆ. ನಾವು ಏನನ್ನೂ ಕಲಿಸದೆ ಬಿಟ್ಟರೆ ಮಕ್ಕಳ ಮನಸ್ಸು ಖಾಲಿ ಇರುವುದಿಲ್ಲ. ಮೊಬೈಲಿನಲ್ಲಿ ಬರುವುದು, ಜೊತೆಯ ಹುಡುಗರು ಆಡುವುದು, ಜಾಹೀರಾತು ಹೇಳುವುದು, ಎಲ್ಲ ಅಲ್ಲಿ ಬಂದು ಕೂರುತ್ತವೆ. ಆರಿಸಿಕೊಳ್ಳಬೇಕಾದರೂ ಎದುರಿಗೆ ಏನಾದರೂ ಇರಬೇಕಲ್ಲ.

ಇದಕ್ಕೆ ನಿಮ್ಮ ಪಕ್ಕದ ಮೂಡಿಗೆರೆಯಲ್ಲೇ ಒಂದು ನಿದರ್ಶನವಿದೆ. ಅಲ್ಲಿ ತೋಟ ಮಾಡಿಕೊಂಡು, ಬರೆಯುತ್ತಾ ಬದುಕಿದ ಪೂರ್ಣಚಂದ್ರ ತೇಜಸ್ವಿಯವರು 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದದ್ದು ತಂದೆ ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಕ್ರಮದಲ್ಲಿ. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆದರೆ ಗಮನಿಸಿ, ಕುವೆಂಪು ಹಳೆಯ ಶಾಸ್ತ್ರವನ್ನು ಬಿಟ್ಟು ಸುಮ್ಮನಾಗಲಿಲ್ಲ. ಹೆಣ್ಣು ಗಂಡು ಇಬ್ಬರೂ ಅರ್ಥ ತಿಳಿದು ಒಪ್ಪಿ ಹೇಳಬೇಕಾದ ಮಾತುಗಳನ್ನು ಕೂತು ಸಿದ್ಧಪಡಿಸಿದರು. ಶಾಸ್ತ್ರ ಬೇಡವೆಂದವರೂ ಮಕ್ಕಳಿಗೆ ಏನು ದಾಟಿಸಬೇಕು ಎಂದು ಅಷ್ಟು ಯೋಚಿಸಿದ್ದರು. ನಿಮ್ಮ ಯಜಮಾನರಿಗೆ ಪೂಜೆಯಲ್ಲಿ ಅಷ್ಟಾಗಿ ಮನಸ್ಸಿಲ್ಲದಿರಬಹುದು, ಅದು ತಪ್ಪಲ್ಲ. ಆದರೆ ತಮ್ಮ ಮಕ್ಕಳು ಎಂಥ ಮನುಷ್ಯರಾಗಬೇಕು ಎಂಬುದರಲ್ಲಿ ಅವರಿಗೆ ಮನಸ್ಸಿದ್ದೇ ಇರುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿ, ಮಾಡಿ ತೋರಿಸಲಿ.

ತಂದೆ ದೂರ ನಿಲ್ಲಬಾರದು ಎನ್ನಲು ಇನ್ನೊಂದು ಕಾರಣವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ 1970ರಿಂದ ದಕ್ಷಿಣ ಕ್ಯಾಲಿಫೋರ್ನಿಯಾದ 350ಕ್ಕೂ ಹೆಚ್ಚು ಕುಟುಂಬಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ನಂಬಿಕೆ ಹೇಗೆ ದಾಟುತ್ತದೆ ಎಂಬುದನ್ನು 2013ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ತಂದೆತಾಯಿ ಎಷ್ಟು ಕಟ್ಟುನಿಟ್ಟು ಎಂಬುದಕ್ಕಿಂತ ಮಕ್ಕಳ ಜೊತೆ ಎಷ್ಟು ಅಕ್ಕರೆಯಿಂದಿದ್ದರು ಎಂಬುದು ಮುಖ್ಯವೆಂದು ಅವರು ಕಂಡುಕೊಂಡರು. ಅದರಲ್ಲೂ ತಂದೆಯ ಅಕ್ಕರೆಗೆ ಬಹಳ ತೂಕವಿತ್ತು. ಅಜ್ಜಿ ತಾತಂದಿರ ಪಾಲೂ ದೊಡ್ಡದಿತ್ತು. ದೇವರನ್ನು ನಂಬದ ಮನೆಗಳೂ ತಮ್ಮ ಮೌಲ್ಯಗಳನ್ನು ಮಕ್ಕಳಿಗೆ ಚೆನ್ನಾಗಿಯೇ ದಾಟಿಸಿದ್ದವು. ಇದು ದೂರದ ದೇಶದ, ಬೇರೆ ಧರ್ಮದವರ ಅಧ್ಯಯನ ನಿಜ. ಆದರೂ ನಮ್ಮ ಮನೆಗಳಲ್ಲಿ ನಾವು ಕಂಡದ್ದಕ್ಕೂ ಇದಕ್ಕೂ ಹೊಂದಾಣಿಕೆಯಾಗುತ್ತದೆ. ಅಪ್ಪನ ಪಕ್ಕ ಕೂತು ಕಲಿತದ್ದನ್ನು ಮಕ್ಕಳು ಬೇಗ ಬಿಡುವುದಿಲ್ಲ.

ಇನ್ನು ಮುಸ್ಸಂಜೆಯ ದೀಪ. ನಿಮ್ಮ ಅತ್ತೆಯವರ ಕಾಲದಲ್ಲಿ ಮಕ್ಕಳು ಬಂದು ಕೂರುತ್ತಿದ್ದದ್ದು ಭಕ್ತಿಯಿಂದಷ್ಟೇ ಅಲ್ಲ, ಅಲ್ಲಿ ಅವರಿಗೆ ಮಾಡುವುದಕ್ಕೆ ಏನೋ ಇರುತ್ತಿತ್ತು. ಮಲೆನಾಡಿನ ಮನೆಗಳಲ್ಲಿ ಕೈಕಾಲು ತೊಳೆದು ಬಂದ ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂತು ಬಾಯಿಪಾಠ ಒಪ್ಪಿಸುತ್ತಿದ್ದರು. 60 ಸಂವತ್ಸರ, 12 ಮಾಸ, 27 ನಕ್ಷತ್ರ, ಕೊನೆಗೆ ಮಗ್ಗಿ. ಆಮೇಲೆ ಹಿರಿಯರಿಗೆ ನಮಸ್ಕಾರ, ಅಜ್ಜಿಯ ಬಾಯಿಂದ ಒಂದು ಕಥೆ. ಈಗ ನೀವು ಒಬ್ಬರೇ ಎಲ್ಲವನ್ನೂ ಮಾಡಿ ಮುಗಿಸಿ, ಕೊನೆಯಲ್ಲಿ ಮಕ್ಕಳನ್ನು ಕೂಗುತ್ತೀರಿ. ಬಂದು ಕೈಮುಗಿದು ನಿಲ್ಲುವುದಷ್ಟೇ ಅವರ ಪಾಲಿಗೆ ಉಳಿದಿದೆ. ಅದಕ್ಕಾಗಿ ಯಾವ ಹುಡುಗ ಆಟ ಬಿಟ್ಟು ಎದ್ದಾನು?

ದೀಪವನ್ನೇ ಅವರ ಕೈಗೆ ಕೊಡಿ. ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುವುದು ವಾರಕ್ಕೊಮ್ಮೆ ಮಗನ ಕೆಲಸವಾಗಲಿ. ಬತ್ತಿ ಹೊಸೆಯುವುದು, ಹೂ ಕುಯ್ಯುವುದು ಮಗಳದ್ದು. ತಿಂಗಳು ಕಳೆದ ಮೇಲೆ ಅದಲುಬದಲು ಮಾಡಿ. ಗಂಡುಹುಡುಗ ಬತ್ತಿ ಹೊಸೆಯಬಾರದೆಂದು ಯಾವ ದೇವರೂ ಹೇಳಿಲ್ಲ. ಒಂದು ದಿನ ಅವರು ಎಣ್ಣೆ ಹಾಕುವುದನ್ನು ಮರೆತರೆ ನೀವು ಓಡಿಹೋಗಿ ಹಾಕಬೇಡಿ. ದೀಪ ಹತ್ತದೇ ಇದ್ದದ್ದನ್ನು ಅವರೇ ನೋಡಲಿ, ಅವರೇ ಎದ್ದು ಸರಿಮಾಡಲಿ. ಎಲ್ಲ ಸೇರಿ ಕಾಲು ಗಂಟೆ ಸಾಕು. ಆ ಕಾಲು ಗಂಟೆ ಮನೆಯ ಎಲ್ಲರ ಮೊಬೈಲೂ ಒಂದೇ ಕಡೆ ಇರಬೇಕು, ನಿಮ್ಮದು ಮತ್ತು ಯಜಮಾನರದು ಮೊದಲು. ಟೀವಿ ಮುಂದೆ ಕೂತ ಅಪ್ಪ "ಹೋಗು, ದೇವರಿಗೆ ಕೈ ಮುಗಿ" ಎಂದರೆ ಆ ಮಾತಿಗೆ ಬೆಲೆಯಿಲ್ಲ.

ನಿಮ್ಮೂರಿನ ಬೇರೆ ಬೇರೆ ಮನೆಗಳನ್ನು ನೋಡಿ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಮುಗಿದ ಕೂಡಲೇ ಚಿಕ್ಕವರು ದೊಡ್ಡವರ ಬಳಿ ಹೋಗಿ ಬೆಸಾಂವ್ ಕೇಳಿ ಆಶೀರ್ವಾದ ಪಡೆಯುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮೇರಿ ಮಾತೆಗೆ ಹೂ ತರುವುದು ಮಕ್ಕಳದ್ದೇ ಕೆಲಸ. ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗ ಪೂಜೆ ಮುಗಿಯದೆ ತಿಂಡಿಗೆ ಕೂರದ ಹಿರಿಯರಿದ್ದಾರೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ನಿಯಮವನ್ನು ಮಕ್ಕಳು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ದೇವರ ಹೆಸರು ಬೇರೆ ಬೇರೆ, ಕ್ರಮ ಮಾತ್ರ ಒಂದೇ. ಹೊತ್ತು ತಪ್ಪುವುದಿಲ್ಲ, ಮನೆಯ ಹಿರಿಯರು ತಪ್ಪಿಸಿಕೊಳ್ಳುವುದಿಲ್ಲ, ಮಕ್ಕಳಿಗೆ ಅವರದ್ದೇ ಒಂದು ಕೆಲಸವಿರುತ್ತದೆ. ಈ ಮೂರು ಇದ್ದರೆ ಒತ್ತಾಯದ ಅಗತ್ಯ ಬೀಳುವುದಿಲ್ಲ.

ಹೇಳುವ ಮಾತಿನ ಅರ್ಥವೂ ಮಕ್ಕಳಿಗೆ ತಿಳಿಯಬೇಕು. ಚಿಕ್ಕಮಗಳೂರಿನ ಹಿರೇಮಗಳೂರು ಕೋದಂಡರಾಮ ದೇವಸ್ಥಾನದಲ್ಲಿ ಅರ್ಚಕ ಹಿರೇಮಗಳೂರು ಕಣ್ಣನ್ ಅವರು ಕನ್ನಡದಲ್ಲೇ ಪೂಜೆ ನಡೆಸುವುದು ನಾಡಿಗೆಲ್ಲ ಗೊತ್ತು. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ದೇವರ ಹತ್ತಿರ ನಮ್ಮ ಮಾತಿನಲ್ಲೇ ಮಾತಾಡಬಹುದು ಎಂಬುದು ಅವರಿಗೆ ತಿಳಿಯಲಿ. ಮನೆಯಲ್ಲಿ ಸಂಸ್ಕೃತ ಶ್ಲೋಕ ಹೇಳಿಸುವುದಾದರೆ ಹೇಳಿಸಿ, ಅರ್ಥವನ್ನೂ ಜೊತೆಗೇ ಹೇಳಿ.

ವರ್ಷದ ಹಬ್ಬಗಳಲ್ಲಿ ನನಗೆ ಮಕ್ಕಳ ಪಾಲಿಗೆ ಬಹಳ ದೊಡ್ಡದೆನಿಸುವುದು ಭೂಮಿ ಹುಣ್ಣಿಮೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಭೂಮಿತಾಯಿ ಬಸುರಿ ಎಂದು ನಂಬಿ ಅವಳಿಗೆ ಬಯಕೆಯ ಊಟ ಬಡಿಸುವುದು ಹಬ್ಬದ ತಿರುಳು. ಹೆಂಗಸರು ಇಡೀ ರಾತ್ರಿ ಎದ್ದಿದ್ದು ಹತ್ತಾರು ಬಗೆಯ ಸೊಪ್ಪು ಸೇರಿಸಿದ ಪಲ್ಯ, ಕಡುಬು, ಪಾಯಸ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಮನೆಮಂದಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೂಜೆ ಮಾಡಿ, ಅನ್ನವನ್ನು ಗದ್ದೆಗೆಲ್ಲ ಬೀರಿ ಬರುತ್ತಾರೆ. ಕಾಗೆಗೂ ಇಲಿಗೂ ಅದರಲ್ಲಿ ಪಾಲಿದೆ. ಎಷ್ಟೋ ಮನೆಗಳಲ್ಲಿ ಗದ್ದೆ ಹೋಗಿ ಅಡಿಕೆ, ಕಾಫಿ ಬಂದಿರುವುದರಿಂದ ಹಬ್ಬವೂ ಕೈಬಿಟ್ಟುಹೋಗುತ್ತಿದೆ. ದಯವಿಟ್ಟು ಬಿಡಬೇಡಿ, ತೋಟದಲ್ಲೇ ಮಾಡಿ. ಸೊಪ್ಪು ಗುರುತಿಸಿ ಕುಯ್ದು ತರುವುದನ್ನು ಮಕ್ಕಳಿಗೆ ಕಲಿಸಿ, ಹಿಂದಿನ ದಿನ ಅವರನ್ನೇ ಕಳಿಸಿ. ಕತ್ತಲಲ್ಲಿ ಬ್ಯಾಟರಿ ಹಿಡಿದು ಅಪ್ಪನ ಹಿಂದೆ ನಡೆದು ನೆಲಕ್ಕೆ ಊಟ ಬಡಿಸಿದ ಮಗುವಿಗೆ, ತಿನ್ನುವುದಕ್ಕೆ ಮೊದಲು ಕೊಡಬೇಕು ಎಂಬ ಪಾಠವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಮೂಡಿಗೆರೆ ಸೀಮೆಯ ಹಲವು ಊರುಗಳ ಸುಗ್ಗಿಯೂ ಅಂಥದ್ದೇ. ಸುಗ್ಗಿಯ ಸಾರು ಹಾಕಿದರೆಂದರೆ, ಅಂದರೆ ಹಬ್ಬವನ್ನು ಊರಿಗೆ ಸಾರಿದರೆಂದರೆ, ಅದು ಮುಗಿಯುವವರೆಗೆ ಹಸಿ ಮರ ಕಡಿಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಬಡವ ಬಲ್ಲಿದ ಎನ್ನದೆ ಇಡೀ ಊರು ಆ ಕಟ್ಟಿಗೆ ಒಳಪಡುತ್ತದೆ. ನಾಲಿಗೆಯನ್ನು ಕೆಲವು ದಿನ ಹಿಡಿದಿಟ್ಟುಕೊಳ್ಳಬಹುದು ಎಂಬುದನ್ನು ಮಕ್ಕಳು ಕಲಿಯುವುದು ಇಲ್ಲಿ. ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವ ಸಾವಿರಾರು ಜನರಲ್ಲಿ ಎಳೆಯರೂ ಇರುತ್ತಾರೆ. ಜಾರುವ ಹಾದಿಯಲ್ಲಿ ಗುರುತಿಲ್ಲದವರು ಕೈಕೊಟ್ಟು ಮೇಲಕ್ಕೆಳೆಯುವುದನ್ನು ಅವರು ಅಲ್ಲಿ ನೋಡುತ್ತಾರೆ. ಹೊರನಾಡಂತೂ ನಿಮ್ಮ ಮನೆಬಾಗಿಲಲ್ಲೇ ಇದೆ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟವಿದೆ. ಮುಂದಿನ ಸಲ ಹೋದಾಗ ಬೇಗ ದರ್ಶನ ಮುಗಿಸಿ ಹೊರಡುವ ಅವಸರ ಮಾಡಬೇಡಿ. ಪಂಕ್ತಿಯಲ್ಲಿ ಕೂತು, ಎಲ್ಲರ ಜೊತೆ ಉಂಡು, ಬಡಿಸಿದ್ದರಲ್ಲಿ ಒಂದು ಅಗುಳೂ ಚೆಲ್ಲದೆ ಎದ್ದು ಬನ್ನಿ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದುಕೊಂಡ ಮಾತಿಗೆ ಬರುತ್ತೇನೆ. ನೀವು ಬೆಳೆಗಾರರು, ಕೂಲಿ ಕೊಡುವವರು. ಮನೆಯವರ ಭಕ್ತಿ ಎಷ್ಟು ಗಟ್ಟಿ ಎಂಬುದನ್ನು ಕಾಫಿ ಸೀಮೆಯ ಮಕ್ಕಳು ಅಳೆಯುವುದು ದೇವರ ಕೋಣೆಯಲ್ಲಿ ಅಲ್ಲ, ಕಣದಲ್ಲಿ.

ಕುಯ್ಲಿನ ಕಾಲದ ಒಂದು ಸಂಜೆಯನ್ನು ನೆನೆಸಿಕೊಳ್ಳಿ. ದಿನವಿಡೀ ಹಣ್ಣು ಕುಯ್ದವರು ಚೀಲ ಹೊತ್ತು ಕಣಕ್ಕೆ ಬಂದು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಚೀಲವೂ ತಕ್ಕಡಿಗೆ ಏರುತ್ತದೆ. ಕೂಲಿ ಕೆ.ಜಿ. ಲೆಕ್ಕದಲ್ಲಿ. ತಕ್ಕಡಿ 47 ಕೆ.ಜಿ. 600 ಗ್ರಾಂ ತೋರಿಸುತ್ತದೆ. ಪುಸ್ತಕದಲ್ಲಿ ಬರೆಯುವುದು 47 ಎಂದೋ, 47.6 ಎಂದೋ, 48 ಎಂದೋ? ಚೀಲದ ತೂಕವೆಂದು ಕಳೆಯುವುದು ಚೀಲದ ನಿಜವಾದ ತೂಕವನ್ನೋ, ಅದಕ್ಕಿಂತ ಹೆಚ್ಚನ್ನೋ? ಚೀಲದಲ್ಲಿ ನಾಲ್ಕು ಹಸಿರುಕಾಯಿ ಕಂಡರೆ ಬರುವ ಮಾತು ಎಂಥದ್ದು? ತೂಗಿಸಲು ನಿಂತ ಹೆಂಗಸು ನಿಮ್ಮ ಮಗನ ಅಜ್ಜಿಯ ವಯಸ್ಸಿನವಳಾದರೆ ಅವಳನ್ನು ಹೇಗೆ ಕರೆಯುತ್ತೀರಿ? ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದು, ಇಲ್ಲಿಯ ಲೆಕ್ಕ ಗೊತ್ತಾಗದೆ ನಿಂತವನಿಗೆ ಅಂಕಿಯನ್ನು ತೋರಿಸಿ ಹೇಳುತ್ತೀರೋ, ಹಾಗೇ ದಾಟಿಸಿಬಿಡುತ್ತೀರೋ? ಹನ್ನೆರಡು ವರ್ಷದ ಹುಡುಗ ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡುತ್ತಿರುತ್ತಾನೆ. ಅವನಿಗೆ ಲೆಕ್ಕ ಬರುತ್ತದೆ. 600 ಗ್ರಾಂ ಎಲ್ಲಿ ಹೋಯಿತೆಂದು ಅವನು ಕೇಳದೇ ಇರಬಹುದು, ಆದರೆ ಅವನಿಗೆ ಗೊತ್ತಿರುತ್ತದೆ. ಅರ್ಧ ಗಂಟೆ ಕಳೆದು ಅದೇ ಕೈಗಳು ದೇವರ ಮುಂದೆ ಮಂಗಳಾರತಿ ಎತ್ತಿದಾಗ ಅವನು ಎರಡನ್ನೂ ತಾಳೆ ಹಾಕುತ್ತಾನೆ. ತಾಳೆಯಾಗದಿದ್ದರೆ ನೀವು ಎಷ್ಟು ಶ್ಲೋಕ ಕಲಿಸಿದರೂ ಪ್ರಯೋಜನವಿಲ್ಲ. ದೊಡ್ಡವನಾದ ಮೇಲೆ ಅವನು ದೇವರನ್ನು ಬಿಟ್ಟರೆ, ಅಥವಾ ಇನ್ನೂ ಕೆಟ್ಟದ್ದೆಂದರೆ ದೇವರನ್ನು ಇಟ್ಟುಕೊಂಡು ನ್ಯಾಯವನ್ನು ಬಿಟ್ಟರೆ, ಅದರ ಬೇರು ಅಲ್ಲಿರುತ್ತದೆ.

ಇದು ನನ್ನ ಸ್ವಂತ ಮಾತೇನಲ್ಲ. ಕೂಲಿಯವರ ಕೂಲಿಯನ್ನು ತಡೆಹಿಡಿಯಬಾರದೆಂದು ಬೈಬಲ್ಲೂ ಹೇಳುತ್ತದೆ, ಇಸ್ಲಾಂ ಕೂಡ ಹೇಳುತ್ತದೆ. 12ನೇ ಶತಮಾನದ ಶರಣರು ದುಡಿಮೆಯನ್ನೇ ಪೂಜೆಯೆಂದರು, ದುಡಿದದ್ದನ್ನು ಹಂಚಿ ತಿನ್ನಬೇಕೆಂದರು. ಮುಸ್ಲಿಮರ ಮನೆಗಳಲ್ಲಿ ವರ್ಷ ತುಂಬಿದ ಉಳಿತಾಯದ ಶೇ. 2.5ರಷ್ಟನ್ನು ಝಕಾತ್ ಎಂದು ತೆಗೆದಿಡಲು ಬಹಳ ಜನ ರಂಜಾನ್ ತಿಂಗಳಲ್ಲಿ ಲೆಕ್ಕಕ್ಕೆ ಕೂರುತ್ತಾರೆ. ಹಣದ ಲೆಕ್ಕವೂ ದೇವರಿಗೆ ಒಪ್ಪಿಸುವಂಥದ್ದು ಎಂಬುದನ್ನು ಆ ಮನೆಯ ಮಕ್ಕಳು ಅಲ್ಲಿ ಕಲಿಯುತ್ತಾರೆ. ನಿಮ್ಮ ಮನೆಯಲ್ಲಿ ಆ ಪಾಠಕ್ಕೆ ಕೂಲಿ ಬಟವಾಡೆಯೇ ತಕ್ಕ ಸಮಯ. ಆ ದಿನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಜರಿ ಪುಸ್ತಕ ಅವನ ಕೈಯಲ್ಲಿರಲಿ. ಹೆಸರನ್ನು ಗೌರವದಿಂದ ಕರೆದು, ಲೆಕ್ಕವನ್ನು ಬಿಡಿಸಿ ಹೇಳಿ, ಹಣವನ್ನು ಕೈಗೆ ಕೊಡುವುದು ಅವನಿಗೆ ಅಭ್ಯಾಸವಾಗಲಿ. ತಪ್ಪು ಲೆಕ್ಕ ಬಂದರೆ ತಿದ್ದಿ, "ನಮ್ಮದೇ ತಪ್ಪು" ಎಂದು ಎಲ್ಲರೆದುರು ಒಪ್ಪಿಕೊಳ್ಳುವುದನ್ನು ಅವನು ಅಪ್ಪನಿಂದ ಕಲಿಯಲಿ. ಯಜಮಾನರಿಗೆ ಪೂಜೆಯಲ್ಲಿ ಆಸಕ್ತಿಯಿಲ್ಲದಿದ್ದರೂ ಈ ಪಾಠವನ್ನು ಅವರು ನಿಮಗಿಂತ ಚೆನ್ನಾಗಿ ಮಾಡಬಲ್ಲರು.

ಮಗ ಕೇಳಿದ ಪ್ರಶ್ನೆಗೆ ಬರುತ್ತೇನೆ. 2019ರ ಆಗಸ್ಟಿನ ಮಳೆಯಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದು ಮನೆ, ತೋಟ, ಗದ್ದೆ ಕೊಚ್ಚಿಹೋದದ್ದು ನಿಮ್ಮ ಸೀಮೆಯ ಮಕ್ಕಳ ಮನಸ್ಸಿನಲ್ಲಿ ಉಳಿದಿರುವುದು ಸಹಜ. ಅವನನ್ನು ಬೈಯಬೇಡಿ, ಹಾಗೆಲ್ಲ ಕೇಳಬಾರದು ಎಂದು ಬಾಯಿ ಮುಚ್ಚಿಸಬೇಡಿ. ಅದು ಅವರ ಕರ್ಮ ಎಂದಂತೂ ಹೇಳಲೇಬೇಡಿ. ಮನೆ ಕಳೆದುಕೊಂಡವರ ಮೇಲೆ ಪಾಪವನ್ನೂ ಹೊರಿಸುವ ಆ ಮಾತು ಕ್ರೂರವಾದದ್ದು. ಕೆಲವೇ ದಿನಗಳಲ್ಲಿ ವಿಪರೀತ ಮಳೆ ಸುರಿದು, ಕಡಿದಾದ ಇಳಿಜಾರಿನ ಮಣ್ಣು ನೀರು ಕುಡಿದು ಹಿಡಿತ ಕಳೆದುಕೊಂಡಿತು ಎಂಬ ಕಾರಣವನ್ನು ಮೊದಲು ವಿವರಿಸಿ. ಗುಡ್ಡವನ್ನು ಹೇಗೆಂದರೆ ಹಾಗೆ ಅಗೆದರೆ ಅಪಾಯ ಹೆಚ್ಚುತ್ತದೆ ಎಂಬುದನ್ನೂ ಹೇಳಿ. ಅದರಾಚೆಗೆ, ದೇವರು ಯಾಕೆ ತಡೆಯಲಿಲ್ಲ ಎಂದರೆ, "ನನಗೆ ಗೊತ್ತಿಲ್ಲ ಮಗಾ, ನಾನೂ ಇದನ್ನೇ ಕೇಳಿಕೊಂಡಿದ್ದೇನೆ. ಆದರೂ ನಾನು ನಂಬುತ್ತೇನೆ" ಎಂದು ನಿಜ ಹೇಳಿ. ತಾಯಿ ಸುಳ್ಳು ಹೇಳುವುದಿಲ್ಲ ಎಂಬ ಭರವಸೆ ಅವನಿಗಿದ್ದರೆ, ನಾಳೆ ಅವನು ತನ್ನ ಅನುಮಾನಗಳನ್ನೂ ನಿಮ್ಮ ಹತ್ತಿರವೇ ತರುತ್ತಾನೆ. ಆಮೇಲೆ ಅವನನ್ನೇ ಕೇಳಿ: "ಇವತ್ತು ಪಕ್ಕದವರ ಮನೆಗೆ ಹಾಗಾದರೆ ನಾವು ಏನು ಮಾಡಬೇಕು?" ಆ ಪ್ರಶ್ನೆಗೆ ಅವನು ಉತ್ತರ ಹುಡುಕಬಲ್ಲ, ಕೈಯಿಂದ ಮಾಡಿಯೂ ತೋರಿಸಬಲ್ಲ.

ಮಕ್ಕಳಿಗೆ ಸುಳ್ಳು ಹೇಳಬಾರದು ಎಂಬ ಇದೇ ಕಾರಣಕ್ಕೆ ಹೆದರಿಸಿ ಭಕ್ತಿ ಕಲಿಸುವುದನ್ನೂ ಬಿಡಿ. ಚೌಡಿ ಬನದ ಹತ್ತಿರ ಗಲೀಜು ಮಾಡಿದರೆ ಕಣ್ಣು ಹೋಗುತ್ತದೆ, ಭೂತ ಬಡಿಯುತ್ತದೆ ಎನ್ನುವುದು ಸುಲಭ. ಆ ಭಯ ಹದಿನಾರನೇ ವಯಸ್ಸಿಗೆ ಹಾರಿಹೋಗುತ್ತದೆ, ಜೊತೆಗೆ ಬನದ ಮೇಲಿನ ಗೌರವವನ್ನೂ ಒಯ್ಯುತ್ತದೆ. ಅಲ್ಲಿಯ ಮರಕ್ಕೆ ನಮ್ಮ ಹಿರಿಯರು ಕೊಡಲಿ ಹಾಕಲಿಲ್ಲ, ಅದರಿಂದಲೇ ನೀರು, ಹಕ್ಕಿ, ನೆರಳು ಉಳಿದವು ಎಂದು ಹೇಳಿ. ಆ ಗೌರವ ಹೆಚ್ಚು ಕಾಲ ನಿಲ್ಲುತ್ತದೆ.

ತನ್ನ ದೇವರನ್ನು ಪ್ರೀತಿಸಲು ಇನ್ನೊಬ್ಬರ ದೇವರನ್ನು ಹೀಗಳೆಯಬೇಕಿಲ್ಲ ಎಂಬುದನ್ನೂ ಮಕ್ಕಳು ಮನೆಯಲ್ಲೇ ಕಲಿಯಬೇಕು. ನಿಮಗೆ ಅನ್ನ ಕೊಡುವ ಕಾಫಿಯನ್ನೇ ನೋಡಿ. ಬಾಬಾ ಬುಡನ್ 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಬರುವಾಗ ಯೆಮನ್ನಿನ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಎಲ್ಲ ಜಾತಿ ಧರ್ಮದ ಬೆಳೆಗಾರರೂ ಹೇಳಿಕೊಂಡು ಬಂದಿದ್ದಾರೆ. ಕಳಸದಲ್ಲಿ ಕಳಸೇಶ್ವರನೂ ಇದ್ದಾನೆ, ಜೈನ ಬಸದಿಯೂ ಇದೆ. ಮಗನ ಹಾಸ್ಟೆಲ್ಲಿನ ಕೋಣೆಯಲ್ಲಿ ಬೇರೆ ಧರ್ಮದ ಹುಡುಗರಿರುತ್ತಾರೆ. ಅವರ ಹಬ್ಬಕ್ಕೆ ಶುಭ ಕೋರುವ, ಅವರ ಪ್ರಾರ್ಥನೆಯ ಹೊತ್ತಿಗೆ ಸದ್ದು ಮಾಡದಿರುವ ನಡತೆ ಅವನಲ್ಲಿದ್ದರೆ, ನೀವು ಕಲಿಸಿದ ಭಕ್ತಿ ಸರಿಯಾದ ಭಕ್ತಿ.

ಹಾಸ್ಟೆಲ್ಲಿಗೆ ಕಳಿಸುವಾಗ ನಿಯಮಗಳ ಪಟ್ಟಿ ಬರೆದು ಕೊಡಬೇಡಿ. ತನ್ನ ಬಟ್ಟೆ ತಾನೇ ಒಗೆಯುವುದು, ತಟ್ಟೆಯಲ್ಲಿ ಅನ್ನ ಬಿಡದಿರುವುದು, ಅಡುಗೆಯವರನ್ನು ಅಣ್ಣ, ಅಕ್ಕ ಎಂದು ಮಾತಾಡಿಸುವುದು, ಮಲಗುವ ಮುನ್ನ ಎರಡು ನಿಮಿಷ ಕೈಮುಗಿದು ಕೂರುವುದು, ಈ ನಾಲ್ಕನ್ನು ಈಗಿನಿಂದಲೇ ರೂಢಿ ಮಾಡಿಸಿ. ಅಲ್ಲಿ ಫೋನಿಗೆ ಅನುಮತಿಯಿದ್ದ ದಿನ ಮುಸ್ಸಂಜೆಯ ಹೊತ್ತಿಗೇ ಕರೆ ಮಾಡಿ, ಓದು, ಅಂಕ ಇತ್ಯಾದಿ ಕೇಳುವುದಕ್ಕೆ ಮೊದಲು ಅವನ ತಂಗಿಯ ಕೈಗೆ ಫೋನ್ ಕೊಡಿ. ಒಂದೆರಡು ವರ್ಷ ಅವನು ದೇವರ ಸುದ್ದಿಯನ್ನೇ ಎತ್ತದಿದ್ದರೂ ಗಾಬರಿಯಾಗಬೇಡಿ. ಆ ವಯಸ್ಸೇ ಹಾಗೆ. ಅಕ್ಕರೆಯನ್ನು ಮಾತ್ರ ಕಡಿಮೆ ಮಾಡಬೇಡಿ.

ಇನ್ನೂ ಒಂದು ವರ್ಷ ನಿಮ್ಮ ಕೈಯಲ್ಲಿದೆ, ಅದು ಸಣ್ಣ ಕಾಲವಲ್ಲ. ಈ ಉತ್ತರವನ್ನು ಯಜಮಾನರಿಗೂ ಓದಲು ಕೊಡಿ. ನಾಳೆ ಸಂಜೆಯಿಂದ ದೀಪ ಮಕ್ಕಳ ಕೈಗೆ ಹೋಗಲಿ, ಈ ವಾರದ ಬಟವಾಡೆಗೆ ಮಗ ಅಪ್ಪನ ಪಕ್ಕದಲ್ಲಿ ಕೂರಲಿ. ಇಷ್ಟನ್ನು ತಪ್ಪದೆ ನಡೆಸಿ. ನಿಮ್ಮ ಮಕ್ಕಳು ಒಳ್ಳೆಯವರಾಗಿ ಬೆಳೆಯುತ್ತಾರೆ ಎಂಬ ನಂಬಿಕೆ ನನಗಿದೆ.